ಹೀರೋ ಕೂರುವ ಸ್ಟೂಲಿನ ಮೇಲೆ ಅಮ್ಮ!

ಚಿತ್ರರಸಿಕರೇ, ಈ ಸೀನು ನೀವು ನೂರು ಸಲ ನೋಡಿದ್ದೀರಿ. ದೊಡ್ಡ ಬಂಗಲೆ. ಬೆಳಗಿನ ಬಿಸಿಲು. ಅಡಿಗೆಮನೆಯ ನಟ್ಟನಡುವೆ ಫಳಫಳ ಹೊಳೆಯುವ ಕಲ್ಲಿನ ಕಟ್ಟೆ. ಎತ್ತರದ ಸ್ಟೂಲಿನ ಮೇಲೆ ಹೀರೋ ಕಾಲು ಇಳಿಬಿಟ್ಟು ಕೂತಿದ್ದಾನೆ. ಆ ಕಡೆಯಿಂದ ಹೀರೋಯಿನ್ ಕಾಫಿ ಕಪ್ಪು ಜಾರಿಸುತ್ತಾಳೆ. ಅದು ಸರ್ರನೆ ಬಂದು ಅವನ ಕೈ ಸೇರುತ್ತದೆ. ಒಂದು ತೊಟ್ಟೂ ಚೆಲ್ಲುವುದಿಲ್ಲ!

ಆ ಕಟ್ಟೆಗೆ ‘ಐಲ್ಯಾಂಡ್’ ಅಂತಾರೆ. ಅಂದರೆ ದ್ವೀಪ. ಯಾವ ಗೋಡೆಗೂ ಅಂಟದೆ ನಡುಮನೆಯಲ್ಲಿ ಒಂಟಿಯಾಗಿ ನಿಲ್ಲುವ ಕಟ್ಟೆ. ನಮ್ಮಣ್ಣನಿಗೂ ಅದೇ ಬೇಕಾಯಿತು.

ನಮ್ಮದು ಶಿವಮೊಗ್ಗದ ಗಾಂಧಿ ಬಜಾರ್. ಕೆಳಗೆ ಅಂಗಡಿ, ಮೇಲೆ ಸಂಸಾರ. ಅಣ್ಣನಿಗೆ ಮದುವೆ ನಿಶ್ಚಯವಾಗಿತ್ತು. ಹುಡುಗಿ ಭದ್ರಾವತಿಯವರು. ಚೀಟಿ ಎತ್ತಿದ ದುಡ್ಡು ಕೈಲಿತ್ತು. ಸಾಲದ್ದಕ್ಕೆ ಕೋಟೆ ಮಾರಿಕಾಂಬೆಯ ಜಾತ್ರೆ ಬೇರೆ ಹತ್ತಿರ. ಎರಡು ವರ್ಷಕ್ಕೊಮ್ಮೆ ನಡೆಯುವ ಜಾತ್ರೆ. ಮೊದಲ ದಿನ ದೇವಿ ತವರುಮನೆ ಅಂತ ಬಂದು ಕೂರುವುದು ನಮ್ಮ ಗಾಂಧಿ ಬಜಾರಿನಲ್ಲೇ. ಅವತ್ತು ನಮ್ಮ ಮನೆಯಲ್ಲಿ ನೆಂಟರ ಸಾಲು ಮುಗಿಯುವುದೇ ಇಲ್ಲ.

“ಜಾತ್ರೆ ಹೊತ್ತಿಗೆ ಐಲ್ಯಾಂಡ್ ರೆಡಿ ಇರ್ಬೇಕು,” ಅಂತ ಅಣ್ಣ ಆರ್ಡರ್ ಮಾಡಿಬಿಟ್ಟ.

“ಎಂತದೋ ಅದು?” ಅಂದಳು ಅಮ್ಮ.

ಸಿನಿಮಾ ಬಗ್ಗೆ ಬರೆಯುವವನು ಅಂತ ಆ ಕೆಲಸ ನನ್ನ ತಲೆಗೆ ಬಿತ್ತು.

ಸೆಟ್ಟಿನ ಗುಟ್ಟು

ಮೊದಲು ಒಂದು ಗುಟ್ಟು ಹೇಳ್ತೀನಿ. ಶೂಟಿಂಗ್‌ಗೆ ಹಾಕುವ ಅಡಿಗೆಮನೆ ಸೆಟ್ಟಿಗೆ ಸಾಮಾನ್ಯವಾಗಿ ಮೂರೇ ಗೋಡೆ. ನಾಲ್ಕನೆಯದರ ಜಾಗದಲ್ಲಿ ಕ್ಯಾಮರಾ. ನಾಯಕಿ ಗೋಡೆ ಕಡೆ ತಿರುಗಿ ಸಾರು ಕುದಿಸಿದರೆ ಕ್ಯಾಮರಾಗೆ ಸಿಗುವುದು ಬರೀ ಬೆನ್ನು, ಜಡೆ. ಕಟ್ಟೆ ನಡುವೆ ಬಂದರೆ ಮುಖ ಸಿಗುತ್ತದೆ. 1963ರಲ್ಲಿ ಅಮೆರಿಕದ ಟೀವಿಯಲ್ಲಿ ಜೂಲಿಯಾ ಚೈಲ್ಡ್ ಎಂಬಾಕೆ ‘ದಿ ಫ್ರೆಂಚ್ ಶೆಫ್’ ಕಾರ್ಯಕ್ರಮ ಶುರು ಮಾಡಿದಾಗ ಕಟ್ಟೆ ಹಿಂದೆ ನಿಂತು, ನೋಡುವವರ ಕಡೆ ಮುಖ ಮಾಡಿಯೇ ಅಡಿಗೆ ಹೇಳಿಕೊಟ್ಟರು. ಇವತ್ತಿನ ಅಡಿಗೆ ಕಾರ್ಯಕ್ರಮಗಳಲ್ಲೂ ಅದೇ ಪದ್ಧತಿ.

ಇದನ್ನು ಬರೆದುಕೊಳ್ಳುತ್ತಾ ನಮ್ಮ ಅಡಿಗೆಮನೆ ಕಡೆ ನೋಡಿದೆ. ಅಮ್ಮ ನಿಂತಿದ್ದಳು. ಗೋಡೆಗೆ ಮುಖ, ನಮಗೆ ಬೆನ್ನು. ಮೂವತ್ತು ವರ್ಷದಿಂದ ಹಾಗೇ! ನಾವು ಹಾಲ್‌ನಲ್ಲಿ ಕೂತು ನಗುತ್ತೇವೆ, ಜಗಳ ಆಡುತ್ತೇವೆ, ಕ್ರಿಕೆಟ್ ನೋಡುತ್ತೇವೆ. ಅವಳು ಗೋಡೆ ನೋಡುತ್ತಾಳೆ.

ಕಾಲ ಕೆಳಗಿನ ಮಣೆ

ಇನ್ನೊಂದು ವಿಷಯವೂ ಅವತ್ತೇ ಕಣ್ಣಿಗೆ ಬಿತ್ತು. ಅಮ್ಮ ನಿಂತಿದ್ದು ನೆಲದ ಮೇಲಲ್ಲ, ಊಟಕ್ಕೆ ಹಾಕುವ ಮಣೆಯ ಮೇಲೆ!

ಸಿನಿಮಾದಲ್ಲಿ ಎತ್ತರದ ಹೀರೋ ಪಕ್ಕ ಕುಳ್ಳಗಿನ ನಾಯಕಿಯನ್ನು ಮರದ ಪೆಟ್ಟಿಗೆ ಮೇಲೆ ನಿಲ್ಲಿಸುವುದು ನಿಮಗೆ ಗೊತ್ತು. ‘ಆಪಲ್ ಬಾಕ್ಸ್’ ಅಂತ ಅದಕ್ಕೆ ಹೆಸರು. ಶಾಟ್ ಮುಗಿದರೆ ನಾಯಕಿ ಇಳಿಯುತ್ತಾಳೆ. ನಮ್ಮಮ್ಮನ ಶಾಟ್ ಮುಗಿದೇ ಇರಲಿಲ್ಲ.

ಕಾರಣ ಸರಳ. ಹಳೇ ಕಟ್ಟೆಯ ಎತ್ತರ 36 ಅಂಗುಲ. ಅದರ ಮೇಲೆ ಗ್ಯಾಸ್ ಒಲೆ 6 ಅಂಗುಲ. ಅಮ್ಮನ ಎತ್ತರ ಐದೇ ಅಡಿ. ಮೊಣಕೈ ಮಡಚಿ ನಿಲ್ಲಿಸಿ ಟೇಪು ಹಿಡಿದೆ: ನೆಲದಿಂದ 38 ಅಂಗುಲ. ಅಂದರೆ ಪಾತ್ರೆಯ ತಳವೇ ಅವಳ ಮೊಣಕೈಗಿಂತ 4 ಅಂಗುಲ ಮೇಲೆ! ಸೌಟು ತಿರುಗಿಸಲು ಪ್ರತಿ ಸಲ ಭುಜ ಎತ್ತಬೇಕು. ರಾತ್ರಿ ಭುಜಕ್ಕೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳಲ್ಲ, ಯಾಕೆ ಅಂತ ನಾವು ಕೇಳಿಯೇ ಇರಲಿಲ್ಲ.

ಹೆಚ್ಚುವ, ಕಲಸುವ ಕಟ್ಟೆ ಮೊಣಕೈಗಿಂತ ನಾಲ್ಕೈದು ಅಂಗುಲ ಕೆಳಗಿದ್ದರೆ ಹಿತ. ಅಮ್ಮನಿಗೆ 33. ಒಲೆ ಇಡುವ ಜಾಗ ಇನ್ನೂ 5 ಅಂಗುಲ ತಗ್ಗು, ಅಂದರೆ 28.

ಮೇಸ್ತ್ರಿ ನಕ್ಕರು. “ಎಲ್ಲರ ಮನೇಲೂ ಮೂರಡಿನೇ ಮಾರಾಯ್ರೆ!”

ಅಣ್ಣ ತಕರಾರು ತೆಗೆದ: “ಅವಳು ಐದೂವರೆ ಅಡಿ ಇದಾಳೆ. ಬಗ್ಗಿ ಬಗ್ಗಿ ಸೊಂಟ ಹೋಗಲ್ವಾ?”

ಅಮ್ಮ ತಣ್ಣಗೆ ಅಂದಳು: “ಬರೋಳ ಅಳತೆಗೇ ಮಾಡ್ಸಿ ಕಣ್ರೋ. ನಂಗೆ ಮಣೆ ಇದೆಯಲ್ಲ.”

ಯಾರೂ ಮಾತಾಡಲಿಲ್ಲ. ಅಣ್ಣ ಕೈಲಿದ್ದ ಕ್ಯಾಟಲಾಗ್ ಮಡಚಿಟ್ಟ.

ದ್ವೀಪದ ಲೆಕ್ಕ

ನಮ್ಮ ಅಡಿಗೆಮನೆ ಅಗಲ 9 ಅಡಿ, ಉದ್ದ 10. ಈಗ ಕೂಡಿಸಿ. ಗೋಡೆಯ ಕಟ್ಟೆ 2 ಅಡಿ. ಓಡಾಡಲು ಮೂರೂವರೆ. ದ್ವೀಪದ ಕಟ್ಟೆ 2, ಅದರಾಚೆ ಕೂತವರ ಮಂಡಿಗೆ ಕಲ್ಲು ಚಾಚಬೇಕು 1. ಸ್ಟೂಲು ಮತ್ತು ಹಿಂದೆ ದಾರಿಗೆ 3. ಮೊತ್ತ ಹನ್ನೊಂದೂವರೆ ಅಡಿ! ಉದ್ದಕ್ಕೂ ಹಿಡಿಸಲಿಲ್ಲ, ಅಗಲಕ್ಕೂ ಹಿಡಿಸಲಿಲ್ಲ.

ಭೂಗೋಳದ ಪಾಠ ನೆನಪಾಯಿತು. ದ್ವೀಪ ಆಗದಿದ್ದರೆ ಪರ್ಯಾಯದ್ವೀಪ! ಹಾಲ್‌ಗೂ ಅಡಿಗೆಮನೆಗೂ ನಡುವಿನ ಗೋಡೆ ಅರ್ಧ ತೆಗೆದು, ಅದೇ ಜಾಗದಲ್ಲಿ ಕಟ್ಟೆ. ಒಂದು ತುದಿ ಉಳಿದ ಗೋಡೆಗೆ ಅಂಟಿರುತ್ತದೆ. ಸ್ಟೂಲು ಹಾಲ್ ಕಡೆ. ಕೂರುವ ಜಾಗ ಹಾಲ್‌ನಿಂದ ಸಿಕ್ಕಿತು, ಅಡಿಗೆಮನೆ ಇಕ್ಕಟ್ಟಾಗಲಿಲ್ಲ.

ಗೆಳೆಯರೇ, ಹೀರೋ ಥರ ಸುತ್ತಿಗೆ ಎತ್ತಿಬಿಡಬೇಡಿ! ಹಳೇ ಮನೆಯ ಗೋಡೆ ಮೇಲಿನ ಭಾರ ಹೊತ್ತಿರಬಹುದು. ನಾವು ಇಂಜಿನಿಯರ್ ಕರೆಸಿ, ಅವರು ‘ಆಗಬಹುದು’ ಅಂದ ಮೇಲೇ ಮುಟ್ಟಿದ್ದು.

ಈ ಕಟ್ಟೆ ಮಾತ್ರ 36 ಅಂಗುಲ. ಅತ್ತಿಗೆಗೆ ಸರಿ, ನಮ್ಮಿಬ್ಬರಿಗೂ ಸರಿ. ಸ್ಟೂಲು 25 ಅಂಗುಲ. ಸ್ಟೂಲಿಗೂ ಕಲ್ಲಿಗೂ ನಡುವೆ ಹತ್ತು ಹನ್ನೊಂದು ಅಂಗುಲ ಇದ್ದರೇ ತೊಡೆ ಹಿಡಿಸೋದು. ತಲೆಗೆ 2 ಅಡಿ ಅಗಲ, ಹಾಗಾಗಿ 4 ಅಡಿಗೆ ಎರಡೇ ಸ್ಟೂಲು. ಬೆನ್ನಿಗೆ ಆಸರೆ, ಕಾಲಿಡಲು ಅಡ್ಡಪಟ್ಟಿ ಇರಲೇಬೇಕು. ಒಲೆ ಮಾತ್ರ ಈ ಕಟ್ಟೆ ಮೇಲೆ ಬೇಡ. ಒಗ್ಗರಣೆ ಸಿಡಿದರೆ ಕೂತವರ ಮುಖಕ್ಕೇ!

ಕಲ್ಲು ಯಾವುದು?

ಅಮೃತಶಿಲೆ ಚಂದ, ಆದರೆ ಹುಣಿಸೆಹುಳಿ, ನಿಂಬೆರಸ ಬಿದ್ದರೆ ಕಲೆ ತಿನ್ನುತ್ತದೆ. ಅದು ಸುಣ್ಣದ ಜಾತಿ. ಕಡಪಾ ಕಲ್ಲೂ ಅದೇ ಜಾತಿ. ಗ್ರಾನೈಟ್ ಬಿಸಿಗೂ ಹುಳಿಗೂ ಜಗ್ಗುವುದಿಲ್ಲ; ನಮ್ಮದೇ ಚಾಮರಾಜನಗರದ ಕಪ್ಪು, ಇಳಕಲ್ಲಿನ ಕೆಂಪು ಇದೆ.

ಅಣ್ಣನಿಗೆ ಕ್ವಾರ್ಟ್ಜ್ ಮೇಲೆ ಆಸೆ. ಅದು ಕಲ್ಲಿನ ಪುಡಿಗೆ ಅಂಟು ಸೇರಿಸಿ ಕಾರ್ಖಾನೆಯಲ್ಲಿ ಮಾಡಿದ್ದು. ಕಲೆ ಹಿಡಿಯುವುದು ಕಡಿಮೆ, ನಿಜ. ಆದರೆ ಕಾದ ಬಾಣಲೆ ಇಟ್ಟರೆ ಅಂಟು ಸುಡುತ್ತದೆ. ಇನ್ನೊಂದು ಮಾತು, ಕಲ್ಲು ಕೊಯ್ಯುವ ಕೆಲಸದಲ್ಲಿರುವ ತಮ್ಮಂದಿರು ಕಿವಿಗೊಡಿ. ಅದನ್ನು ಒಣಗಲು ಕೊಯ್ದಾಗ ಏಳುವ ಧೂಳಿನಲ್ಲಿ ಸಿಲಿಕಾ ವಿಪರೀತ. ಅದು ಪುಪ್ಪುಸಕ್ಕೆ ಸೇರಿದರೆ ಸಿಲಿಕೋಸಿಸ್. ಮತ್ತೆ ಗುಣವಾಗದ ರೋಗ. ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಈ ಕಲ್ಲನ್ನೇ ನಿಷೇಧಿಸಿತು. ಗ್ರಾನೈಟಿನಲ್ಲೂ ಸಿಲಿಕಾ ಇದೆ, ಅದಕ್ಕಿಂತ ಕಡಿಮೆ. ನಾವು ಕಪ್ಪು ಗ್ರಾನೈಟ್ ತಂದೆವು. ನೀರು ಬಿಟ್ಟುಕೊಂಡು, ಮಾಸ್ಕ್ ಹಾಕಿಯೇ ಕೊಯ್ಯಿರಿ ಅಂತ ಹುಡುಗರಿಗೆ ಹಟ ಹಿಡಿದು ಹೇಳಿದೆ. 20 ಮಿಲಿಮೀಟರ್ ದಪ್ಪದ ಕಲ್ಲು ಆರು ಅಂಗುಲಕ್ಕಿಂತ ಹೆಚ್ಚು ಚಾಚಿದರೆ ಕೆಳಗೆ ಕಬ್ಬಿಣದ ಆಸರೆ ಬೇಕು. ಅದನ್ನೂ ಕೊಡಿಸಿದೆ.

ಕ್ಲೈಮ್ಯಾಕ್ಸ್

ಕಟ್ಟೆ ಎದ್ದು ನಿಂತ ವಾರವೇ ಮನೆಯಲ್ಲಿ ಎಲ್ಲರೂ ಕೂತು ಮಲಯಾಳದ ‘ದಿ ಗ್ರೇಟ್ ಇಂಡಿಯನ್ ಕಿಚನ್’ ನೋಡಿದೆವು. 2021ರ ಚಿತ್ರ, ಜಿಯೋ ಬೇಬಿ ನಿರ್ದೇಶನ. ಹೆಚ್ಚುವುದು, ರುಬ್ಬುವುದು, ತೊಳೆಯುವುದು... ಮತ್ತೆ ಹೆಚ್ಚುವುದು, ರುಬ್ಬುವುದು, ತೊಳೆಯುವುದು! ಗಂಡಸರು ಉಂಡು ಏಳುತ್ತಾರೆ. ನಿಮಿಷಾ ಸಜಯನ್ ಒಬ್ಬಳೇ ಒರೆಸುತ್ತಾಳೆ. ಅಣ್ಣ ನಡುವೆ ಒಂದು ಸಲವೂ ಫೋನ್ ಮುಟ್ಟಲಿಲ್ಲ.

ಕಟ್ಟೆಯೊಂದೇ ಬದಲಾದರೆ ಸಾಲದು ಅಂತ ಆಗ ಹೊಳೆಯಿತು. ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ 1926ರಲ್ಲಿ ಮಾರ್ಗರೆಟೆ ಶ್ಯೂಟೆ-ಲಿಹೊಟ್ಸ್ಕಿ ಎಂಬ ಮಹಿಳೆ ರೈಲಿನ ಅಡಿಗೆ ಡಬ್ಬಿ ನೋಡಿ, ಎಲ್ಲವೂ ಕೈಗೆಟುಕುವ ಪುಟ್ಟ ಅಡಿಗೆಮನೆ ರೂಪಿಸಿದರು. ಹೆಂಗಸರ ನಡಿಗೆ ಉಳಿಯಿತು. ಆದರೆ ಒಬ್ಬರೇ ಹಿಡಿಸುವ ಆ ಕೋಣೆಯಲ್ಲಿ ಅವರು ಒಂಟಿಯಾದರು ಅಂತ ಆಮೇಲೆ ಟೀಕೆಯೂ ಬಂತು.

ಮರುದಿನ ಬೆಳಿಗ್ಗೆ ಅಣ್ಣ ತಾನೇ ಕಾವಲಿ ಇಟ್ಟ. ಮೊದಲ ದೋಸೆ ಹರಿಯಿತು. ಎರಡನೆಯದು ಸೀಯಿತು. 28 ಅಂಗುಲದ ಕಟ್ಟೆಗೆ ಅವನು ಸ್ವಲ್ಪ ಬಗ್ಗಬೇಕಾಯಿತು. ಬಗ್ಗಲಿ ಬಿಡಿ! ನಾನು 36 ಅಂಗುಲದ ಕಟ್ಟೆ ಮೇಲೆ ಈರುಳ್ಳಿ ಹೆಚ್ಚುತ್ತಾ ಕಣ್ಣೀರು ಸುರಿಸುತ್ತಿದ್ದೆ, ಗ್ಲಿಸರಿನ್ ಇಲ್ಲದೆ.

ಅಮ್ಮ? ಅಡ್ಡಪಟ್ಟಿಯ ಮೇಲೆ ಕಾಲಿಟ್ಟು, ಅಣ್ಣನ ಕೈ ಹಿಡಿದು, ಹೀರೋ ಕೂರುವ ಸ್ಟೂಲು ಹತ್ತಿ ಕೂತಿದ್ದಳು. ಕೈಯಲ್ಲಿ ಕಾಫಿ ಲೋಟ. ಮೂವರೂ ಎದುರುಬದುರು.

“ಉರಿ ಸಣ್ಣ ಮಾಡೋ, ಸೀದು ಹೋಗ್ತಿದೆ!” ಅಂದಳು.

ಜಾತ್ರೆಯ ದಿನ ನೆಂಟರೆಲ್ಲ ಬಂದರು. ಪಂಕ್ತಿಯಲ್ಲಿ ಕೂರಲು ಒಂದು ಮಣೆ ಕಡಿಮೆ ಬಿತ್ತು. ಅಮ್ಮ ನಿಲ್ಲುತ್ತಿದ್ದ ಮಣೆಯನ್ನು ತೊಳೆದು ತಂದು ಹಾಕಿದೆವು.