ಮುಷ್ಟಿ ಬೂದಿಯ ಲೆಕ್ಕ

ನಮ್ಮ ಕುಡತಿನಿಯವರಿಗೆ ಬೂದಿ ಹೊಸದಲ್ಲ. ಬಳ್ಳಾರಿ–ಹೊಸಪೇಟೆ ರಸ್ತೆಯ ಈ ಊರಿನ ಹತ್ತಿರ ನವಶಿಲಾಯುಗದ ಬೂದಿದಿಬ್ಬ ಇದೆ. ಯಾವುದೋ ರಾಕ್ಷಸನನ್ನು ಸುಟ್ಟ ಬೂದಿ ಎಂದು ಹಿಂದಿನವರು ಹೇಳುತ್ತಿದ್ದರು. ಅಲ್ಲ, ಸಾವಿರಾರು ವರ್ಷಗಳ ಹಿಂದೆ ದನಗಾಹಿಗಳು ಕೂಡಿಹಾಕಿ ಸುಟ್ಟ ಸಗಣಿಯ ಬೂದಿ ಎಂದು ಪುರಾತತ್ವದವರು ಕಂಡುಕೊಂಡರು. ಈಗ ಇನ್ನೊಂದು ಬೂದಿ ಬಂದಿದೆ. ಇಲ್ಲಿನ ಬಳ್ಳಾರಿ ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಮೂರು ಘಟಕಗಳ ಶಕ್ತಿ ಸೇರಿ 1,700 ಮೆಗಾವಾಟ್. ಸುಡುವುದು ಕಲ್ಲಿದ್ದಲು.

ಇಂಥ ಊರಿಗೆ ರಜೆಗೆ ಬಂದ ನನ್ನ ಮೊಮ್ಮಗಳು, ಒಂಬತ್ತನೇ ತರಗತಿಯವಳು, ವಿಜ್ಞಾನ ಮೇಳಕ್ಕೆ ಆ್ಯಪ್ ಮಾಡುತ್ತೇನೆಂದು ಕೂತಳು. ಪರಿಸರಕ್ಕೆ ಒಳ್ಳೆಯದಾಗುವ ಕೆಲಸವನ್ನು ದಿನಾ ಮಾಡಿದರೆ ಅಂಕ ಕೊಡುವ ಆ್ಯಪ್. ಕೆಲಸಗಳನ್ನು ಹುಡುಕುವ ಕಷ್ಟವೇನೂ ಇರಲಿಲ್ಲ. 2022ರ ಅಕ್ಟೋಬರ್ 20ರಂದು ಗುಜರಾತಿನ ಏಕತಾ ನಗರದಲ್ಲಿ ಆರಂಭವಾದ ‘ಮಿಷನ್ ಲೈಫ್’ನಲ್ಲಿ 75 ಕೆಲಸಗಳ ಪಟ್ಟಿಯೇ ಇದೆ: ನೀರು, ಕರೆಂಟು, ಪ್ಲಾಸ್ಟಿಕ್, ಊಟ, ಕಸ ಎಲ್ಲವೂ.

ಮೊದಲ ಪರೀಕ್ಷೆ ಅಜ್ಜಿಯ ಮೇಲೆ. ‘ಈ ವಾರ ಎಷ್ಟು ಪ್ಲಾಸ್ಟಿಕ್ ಚೀಲ ಕಡಿಮೆ ಮಾಡಿದಿರಿ?’ ಎಂದು ಆ್ಯಪ್ ಕೇಳಿತು.

“ತಗಂಡ್ರೆ ತಾನೇ ತಾಯಿ, ಕಮ್ಮಿ ಮಾಡಾದು?” ಅಂದಳು ಆಕೆ.

ಸಂತೆಗೆ ಬಟ್ಟೆ ಚೀಲ ಬಿಟ್ಟು ಹೋದವಳಲ್ಲ. ಅಕ್ಕಿ ತೊಳೆದ ನೀರು ಕರಿಬೇವಿನ ಗಿಡಕ್ಕೆ, ಹಳೆ ಸೀರೆ ಕೌದಿಗೆ. ಮನೆಯಲ್ಲಿ ಎ.ಸಿ. ಇಲ್ಲ. ಅಂಕ ಮಾತ್ರ ಸೊನ್ನೆ! ಎ.ಸಿ.ಯನ್ನು 18ರಿಂದ 24ಕ್ಕೆ ಏರಿಸಿದವರಿಗೆ ಅದೇ ಆ್ಯಪ್ 50 ಅಂಕ ಕೊಡುತ್ತಿತ್ತು. ನಾನು ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಲೆಡ್ಜರ್ ಬರೆದವನು. ಸಾಲ ತೀರಿಸಿದವನಿಗೆ ಬಹುಮಾನ, ಸಾಲವನ್ನೇ ಮಾಡದವನಿಗೆ ಏನೂ ಇಲ್ಲ ಅಂದರೆ ಒಪ್ಪುವುದು ಹೇಗೆ? “ಆರಂಭದ ಶಿಲ್ಕು ಇಲ್ಲದ ಖಾತೆ ಇದು” ಅಂದೆ. ಶಿಲ್ಕು ಅಂದರೆ ಏನೆಂದು ಅವಳಿಗೆ ಅರ್ಧ ಗಂಟೆ ವಿವರಿಸಬೇಕಾಯಿತು. ಆಮೇಲೆ ಒಪ್ಪಿದಳು. ಈಗ ಖಾತೆ ತೆರೆಯುವಾಗಲೇ ಹಳೆಯ ಅಭ್ಯಾಸಗಳನ್ನು ಕೇಳಿ ಜಮಾ ಮಾಡುತ್ತದೆ. ಅಜ್ಜಿ 310ರಿಂದ ಶುರು.

ಎರಡನೆಯ ತೊಂದರೆ ಅವಳ ತಮ್ಮನಿಂದ. ಫ್ಯಾನ್ ಕೆಳಗೆ ಮಲಗಿಕೊಂಡೇ ಒಂದು ನಿಮಿಷದಲ್ಲಿ ಹನ್ನೆರಡು ಕೆಲಸಕ್ಕೆ ಗುರುತು ಹಾಕಿ ಮೊದಲ ಸ್ಥಾನಕ್ಕೆ ಬಂದುಬಿಟ್ಟ. ವೋಚರ್ ಇಲ್ಲದೆ ಜಮಾ ಇಲ್ಲ ಎಂಬುದು ಬ್ಯಾಂಕಿನ ಮೊದಲ ಪಾಠ. ಕರೆಂಟಿಗೆ ವೋಚರ್ ಅಂದರೆ ಗೋಡೆಯ ಮೇಲಿನ ಮೀಟರ್. ವಾರಕ್ಕೊಮ್ಮೆ ರೀಡಿಂಗ್ ಬರೆದರೆ ಮಾತ್ರ ಅಂಕ ಎಂದಾಯಿತು.

ಪಕ್ಕದ ಮನೆಗಳ ಬಳಕೆಯನ್ನೂ ತೋರಿಸೋಣ ಎಂದು ಅವಳ ಹಟ. ಅದರಲ್ಲಿ ಒಂದು ಮೋಸ ಇದೆ. ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಯಾನ್ ಮಾರ್ಕೋಸ್‌ನಲ್ಲಿ ಸಂಶೋಧಕರು ಮನೆಬಾಗಿಲಿಗೆ ಚೀಟಿ ನೇತುಹಾಕಿ, ನಿಮ್ಮ ಕರೆಂಟು ಇಷ್ಟು, ನೆರೆಹೊರೆಯ ಸರಾಸರಿ ಇಷ್ಟು ಎಂದು ತಿಳಿಸಿದರು. 2007ರಲ್ಲಿ ಫಲಿತಾಂಶ ಪ್ರಕಟವಾಯಿತು. ಹೆಚ್ಚು ಉರಿಸುತ್ತಿದ್ದವರು ಕಡಿಮೆ ಮಾಡಿದ್ದರು. ಕಡಿಮೆ ಉರಿಸುತ್ತಿದ್ದವರು, ‘ಓಹೋ, ನಾವೇ ಕಮ್ಮಿ’ ಎಂಬಂತೆ ಹೆಚ್ಚಿಸಿದ್ದರು! ಚೀಟಿಯಲ್ಲಿ ಒಂದು ನಗುಮುಖ ಬರೆದು ಕೊಟ್ಟ ಮನೆಗಳಲ್ಲಿ ಮಾತ್ರ ಹಾಗಾಗಲಿಲ್ಲ. ಒಂದು ಭೇಷ್ ಸಾಕಾಗಿತ್ತು ನೋಡಿ. ನಮ್ಮ ಆ್ಯಪ್‌ಗೂ ನಗುಮುಖ ಬಂತು.

ಇನ್ನು ಉಳಿಸಿದ್ದನ್ನು ತೋರಿಸುವುದು ಹೇಗೆ? ರೂಪಾಯಿಯಲ್ಲಿ ಆಗದು. ಗೃಹಜ್ಯೋತಿಯಲ್ಲಿ ಹಿಂದಿನ ಸರಾಸರಿಗೆ ಒಂದಿಷ್ಟು ಸೇರಿಸಿ, 200 ಯೂನಿಟ್ ಮೀರದಂತೆ, ಬಿಲ್ಲು ಸೊನ್ನೆ. ಸೊನ್ನೆಯಲ್ಲಿ ಏನು ಕಳೆಯುತ್ತೀರಿ? ಚೀನಾದಲ್ಲಿ 2016ರಲ್ಲಿ ಬಂದ ‘ಆಂಟ್ ಫಾರೆಸ್ಟ್’ನಲ್ಲಿ ನಡೆದಾಡಿ ಗಳಿಸಿದ ಅಂಕದಿಂದ ಫೋನಿನಲ್ಲಿ ಗಿಡ ಬೆಳೆಯುತ್ತದೆ. ಅದಕ್ಕೆ ಪ್ರತಿಯಾಗಿ ಬರಡು ನೆಲದಲ್ಲಿ ನಿಜವಾದ ಗಿಡ ನೆಡುತ್ತಾರೆ. ನಮಗೆ ಅಷ್ಟು ದೂರ ಹೋಗುವುದು ಬೇಡವಾಯಿತು.

ಒಂದು ಯೂನಿಟ್ ಕರೆಂಟಿಗೆ ಸುಮಾರು 600ರಿಂದ 700 ಗ್ರಾಂ ಕಲ್ಲಿದ್ದಲು ಬೇಕು. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಮೂರನೇ ಒಂದು ಭಾಗದಷ್ಟು ಬೂದಿಯೇ. ಅಂದರೆ ಯೂನಿಟ್‌ಗೆ ಹೆಚ್ಚುಕಡಿಮೆ 200 ಗ್ರಾಂ. ಮಕ್ಕಳೇ, ನೀವೇ ಗುಣಿಸಿ: 75 ವಾಟ್‌ನ ಫ್ಯಾನನ್ನು ದಿನಾ ಎರಡು ಗಂಟೆ ಆರಿಸಿದರೆ 30 ದಿನಕ್ಕೆ 4.5 ಯೂನಿಟ್, 900 ಗ್ರಾಂ ಬೂದಿ.

“ಆದರೆ ತಾತ, ನಮ್ಮ ಮನೆಗೆ ಬರೋದು ಬರೀ ಕಲ್ಲಿದ್ದಲಿನ ಕರೆಂಟಲ್ಲ. ನೀರಿಂದು, ಗಾಳಿದು, ಬಿಸಿಲಿಂದು ಎಲ್ಲಾ ಕೂಡಿರುತ್ತೆ. ಮತ್ತೆ ಹಾರುಬೂದಿಯಿಂದ ಇಟ್ಟಿಗೆ, ಸಿಮೆಂಟು ಮಾಡ್ತಾರಲ್ಲ?” ಎಂದಳು. ಎರಡೂ ಸರಿಯೇ. ಆದ್ದರಿಂದ ಪರದೆಯ ಮೇಲೆ ‘ಸುಮಾರು’ ಎಂಬ ಪದ ದಪ್ಪಕ್ಷರದಲ್ಲಿದೆ. ಮುಷ್ಟಿ ಬೂದಿಯ ಚಿತ್ರವನ್ನು ಮಾತ್ರ ನಾನು ತೆಗೆಯಗೊಡಲಿಲ್ಲ. ಈ ಊರಿನ ಮಕ್ಕಳಿಗೆ ಕಿಲೋವಾಟಿಗಿಂತ ಅದು ಬೇಗ ತಿಳಿಯುತ್ತದೆ.

ರಜೆ ಮುಗಿಸಿ ಅವಳು ಹೋದಳು. ಅಜ್ಜಿಗೆ ಆ್ಯಪ್ ಒತ್ತಲು ಬರುವುದಿಲ್ಲ, ಕಲಿಯುವ ಉಮೇದೂ ಇಲ್ಲ. ಭಾನುವಾರ ಬೆಳಿಗ್ಗೆ ಕನ್ನಡಕ ಹಾಕಿಕೊಂಡು, ಸ್ಟೂಲು ಎಳೆದುಕೊಂಡು, ಮೀಟರಿನ ಅಂಕಿಯನ್ನು ಹಾಲಿನ ಲೆಕ್ಕದ ಪುಸ್ತಕದಲ್ಲಿ ಬರೆದಿಡುತ್ತಾಳೆ. ಮೊಮ್ಮಗಳು ಫೋನು ಮಾಡಿ ಕೇಳಿಕೊಂಡು ತುಂಬುತ್ತಾಳೆ. ಕಳೆದ ವಾರ ಆರು ಮುಷ್ಟಿ ಉಳಿದಿತ್ತಂತೆ.