ಹೆಡರ್ ಬಿಗಿಯಿದ್ದರಷ್ಟೇ ಎಂಜಿನ್‌ಗೆ ಬಲ

ಕಾರಿನ ಎಂಜಿನ್ ಶಕ್ತಿಯನ್ನು ಹೆಚ್ಚಿಸಬಯಸುವವರು ಮೊದಲು ಕೈಹಾಕುವುದು ಹೊಗೆ ಹೊರಹೋಗುವ ದಾರಿಗೆ. ಸಾಮಾನ್ಯವಾಗಿ ಎರಕದ ಕಬ್ಬಿಣದಲ್ಲಿರುವ ಮೂಲ ಎಕ್ಸಾಸ್ಟ್ ಮ್ಯಾನಿಫೋಲ್ಡನ್ನು ಕಳಚಿ, ಉಕ್ಕಿನ ಕೊಳವೆಗಳ 'ಹೆಡರ್' ಅಳವಡಿಸುವುದು ಅಮೆರಿಕದ ವಿ-8 ಕಾರುಪ್ರಿಯರಲ್ಲಿ ದಶಕಗಳಿಂದ ನಡೆದುಬಂದ ಪದ್ಧತಿ. ಆದರೆ ಹೆಡರ್ ಕೂರಿಸುವುದಕ್ಕಿಂತ ಅದರ ಬೋಲ್ಟ್‌ಗಳನ್ನು ಬಿಗಿಯಾಗಿ ಉಳಿಸಿಕೊಳ್ಳುವುದೇ ಕಠಿಣ. ಸಡಿಲಗೊಂಡ ಜೋಡಣೆಯಿಂದ ಸೋರುವ ಹೊಗೆಯಲ್ಲಿ ಬಣ್ಣ, ವಾಸನೆ ಎರಡೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಅದು ಕಾರಿನೊಳಗೆ ನುಸುಳಿದರೆ ಪ್ರಾಣಕ್ಕೇ ಕುತ್ತು.

ಹೆಡರ್‌ನ ಪ್ರಯೋಜನವೇನು?

ಮ್ಯಾನಿಫೋಲ್ಡ್‌ನಲ್ಲಿ ಎಲ್ಲ ಸಿಲಿಂಡರ್‌ಗಳ ಹೊಗೆ ಒಂದೇ ಇಕ್ಕಟ್ಟಾದ ಕೋಣೆಗೆ ನುಗ್ಗುತ್ತದೆ. ಹೆಡರ್‌ನಲ್ಲಿ ಪ್ರತಿ ಸಿಲಿಂಡರ್‌ಗೂ ಪ್ರತ್ಯೇಕ ಕೊಳವೆಯಿದ್ದು, ಅವೆಲ್ಲ ದೂರದಲ್ಲಿ 'ಕಲೆಕ್ಟರ್' ಎಂಬ ಭಾಗದಲ್ಲಿ ಕೂಡುತ್ತವೆ. ಒಂದು ಸಿಲಿಂಡರ್‌ನಿಂದ ಹೊರಟ ಒತ್ತಡದ ಅಲೆ ಕಲೆಕ್ಟರ್ ತಲುಪಿದಾಗ, ಕಡಿಮೆ ಒತ್ತಡದ ಅಲೆಯೊಂದು ಹಿಂದಿರುಗಿ ಉಳಿದ ಹೊಗೆಯನ್ನು ಸೆಳೆದುಕೊಳ್ಳುತ್ತದೆ. ಇದರಿಂದ ಎಂಜಿನ್‌ನ ಉಸಿರಾಟ ಸರಾಗವಾಗುತ್ತದೆ.

ಬೋಲ್ಟ್ ಸಡಿಲವಾಗುವುದೇಕೆ?

ಮೂಲ ಕಾರಣ ಉಷ್ಣ. 1997ರಲ್ಲಿ ಷೆವರ್ಲೆ ಕಾರ್ವೆಟ್‌ನೊಂದಿಗೆ ಬಂದ 5.7 ಲೀಟರ್‌ನ ಎಲ್ಎಸ್1 ಎಂಜಿನ್ನನ್ನೇ ಗಮನಿಸಿ. ಅದರ ಸಿಲಿಂಡರ್ ಹೆಡ್ ಅಲ್ಯೂಮಿನಿಯಂನದು. ಹೆಡರ್‌ನ ಫ್ಲ್ಯಾಂಜ್ ಉಕ್ಕಿನದು. ನೀರು ಹರಿಯುವ ಹೆಡ್‌ನ ಉಷ್ಣಾಂಶ ಸುಮಾರು 80 ಡಿಗ್ರಿಯಷ್ಟು ಏರಿದರೆ 400 ಮಿ.ಮೀ. ಉದ್ದದಲ್ಲಿ ಅದು ಹಿಗ್ಗುವುದು 0.7 ಮಿ.ಮೀ. ಮಾತ್ರ. ಬಿಸಿ ಅನಿಲಕ್ಕೆ ನೇರವಾಗಿ ಒಡ್ಡಿಕೊಂಡ ಫ್ಲ್ಯಾಂಜ್ 300 ಡಿಗ್ರಿ ಏರಿತೆಂದರೆ, ಅಷ್ಟೇ ಉದ್ದದಲ್ಲಿ 1.4 ಮಿ.ಮೀ. ಹಿಗ್ಗುತ್ತದೆ. ಈ ಎರಡು ಮೇಲ್ಮೈಗಳು ಪ್ರತಿ ಸಲ ಕಾದು ತಣಿಯುವಾಗಲೂ ಒಂದರ ಮೇಲೊಂದು ಜಾರಲೆತ್ನಿಸುತ್ತವೆ.

ಹೀಗೆ ಅಡ್ಡಡ್ಡಲಾಗಿ ಜಾರುವುದೇ ಬೋಲ್ಟ್‌ಗೆ ಶತ್ರು ಎಂಬುದನ್ನು ಜರ್ಮನಿಯ ಎಂಜಿನಿಯರ್ ಗೆರ್ಹಾರ್ಡ್ ಯುಂಕರ್ 1969ರಲ್ಲಿ ಪ್ರಯೋಗದಿಂದ ತೋರಿಸಿಕೊಟ್ಟರು. ಜತೆಗೆ ಹೆಡರ್ ಬೋಲ್ಟ್‌ಗಳು ಗಿಡ್ಡ. ಬೋಲ್ಟ್ ಹಿಡಿದಿಡುವುದು ತಾನು ಕೊಂಚ ಹಿಗ್ಗಿದ ಸೆಳೆತದ ಬಲದಿಂದ. ಗಿಡ್ಡ ಬೋಲ್ಟ್ ಹಿಗ್ಗುವುದೇ ಅತ್ಯಲ್ಪವಾದ್ದರಿಂದ, ಗ್ಯಾಸ್ಕೆಟ್ ಕೂದಲೆಳೆಯಷ್ಟು ಕುಗ್ಗಿದರೂ ಬಿಗಿ ಹೋಗುತ್ತದೆ.

ಅಳವಡಿಸುವ ಕ್ರಮ

ಎಂಜಿನ್ ಪೂರ್ಣ ತಣ್ಣಗಾದ ಮೇಲೆ, ಬ್ಯಾಟರಿಯ ಸಂಪರ್ಕ ತಪ್ಪಿಸಿ ಕೆಲಸ ಆರಂಭಿಸಬೇಕು. ಹೆಡ್‌ನ ಮೇಲ್ಮೈಯಿಂದ ಹಳೆಯ ಗ್ಯಾಸ್ಕೆಟ್ ಚೂರುಗಳನ್ನು ತೆಗೆದು, ಥ್ರೆಡ್‌ಗಳನ್ನು ಶುಚಿಗೊಳಿಸಬೇಕು. ಫ್ಲ್ಯಾಂಜ್ ಸಮತಟ್ಟಾಗಿದೆಯೇ ಎಂಬುದನ್ನು ನೇರ ಪಟ್ಟಿಯಿಟ್ಟು ನೋಡಬೇಕು. ಸೊಟ್ಟಗಾದ ಫ್ಲ್ಯಾಂಜನ್ನು ಬೋಲ್ಟ್‌ನಿಂದ ಎಳೆದು ಸರಿಪಡಿಸಲು ಹೋಗಬಾರದು. ಅಲ್ಯೂಮಿನಿಯಂ ಥ್ರೆಡ್ ಕಿತ್ತುಬರುವ ಅಪಾಯವಿದೆ.

ಮೊದಲು ಎಲ್ಲ ಬೋಲ್ಟ್‌ಗಳನ್ನೂ ಕೈಯಿಂದಲೇ ತಿರುಗಿಸಿ ಕೂರಿಸಿ, ನಂತರ ಟಾರ್ಕ್ ರೆಂಚ್ ಹಿಡಿಯಬೇಕು. ಎಲ್ಎಸ್1 ಎಂಜಿನ್‌ನ ಪ್ರತಿ ಬದಿಗೆ ಆರು ಬೋಲ್ಟ್‌ಗಳಿವೆ. ನಡುವಿನ ಎರಡರಿಂದ ಆರಂಭಿಸಿ, ಎಡಬಲ ಬದಲಿಸುತ್ತ ಹೊರತುದಿಗೆ ಸಾಗಬೇಕು. ಮೂಲ ಮ್ಯಾನಿಫೋಲ್ಡ್‌ಗೆ ಕಂಪೆನಿ ಸೂಚಿಸಿದ್ದು ಮೊದಲ ಸುತ್ತಿನಲ್ಲಿ 15, ಎರಡನೆಯದರಲ್ಲಿ 25 ನ್ಯೂಟನ್ ಮೀಟರ್. ಹೆಡರ್ ತಯಾರಕರು ಬೇರೆ ಅಳತೆ ಕೊಟ್ಟಿದ್ದರೆ ಅದನ್ನೇ ಪಾಲಿಸಬೇಕು. ಪ್ಲಗ್ ವೈರ್, ಸ್ಟೀರಿಂಗ್ ದಂಡಗಳಿಗೆ ಕೊಳವೆ ತಾಗದಂತೆ ಅಂತರವಿರುವುದೂ ಮುಖ್ಯ.

ಬಿಗಿ ಉಳಿಸುವುದು ಹೇಗೆ?

ಮೊದಲ ಸಲ ಎಂಜಿನ್ ಚೆನ್ನಾಗಿ ಕಾದು, ಸಂಪೂರ್ಣ ತಣಿದ ಬಳಿಕ ಬೋಲ್ಟ್‌ಗಳನ್ನು ಮತ್ತೆ ಪರೀಕ್ಷಿಸಲೇಬೇಕು. ಕೆಲವು ದಿನ ಓಡಿಸಿದ ಮೇಲೆ ಇನ್ನೊಮ್ಮೆ, ಅನಂತರ ಪ್ರತಿ ಆಯಿಲ್ ಬದಲಾವಣೆಯ ವೇಳೆ ನೋಡುವುದು ಒಳ್ಳೆಯದು. ಸಾಮಾನ್ಯ ಸ್ಪ್ರಿಂಗ್ ವಾಷರ್ ಇಲ್ಲಿ ನೆರವಾಗದು. ನೀಲಿ ಬಣ್ಣದ ಸಾಧಾರಣ ಥ್ರೆಡ್ ಅಂಟು ಸುಮಾರು 150 ಡಿಗ್ರಿಗೇ ಶಕ್ತಿ ಕಳೆದುಕೊಳ್ಳುತ್ತದೆ. ಇವುಗಳ ಬದಲು ಬೆಣೆಯಾಕಾರದ ಹಲ್ಲುಗಳ ಜೋಡಿ ವಾಷರ್, ಬೋಲ್ಟ್ ತಲೆಯನ್ನೇ ತಡೆಹಿಡಿಯುವ ಲಾಕ್ ಪಟ್ಟಿ ಅಥವಾ ವಿಮಾನಗಳಲ್ಲಿ ಬಳಸುವಂತಹ ತಂತಿಕಟ್ಟು ವಿಶ್ವಾಸಾರ್ಹ. ಪದರಪದರದ ಉಕ್ಕಿನ ಗ್ಯಾಸ್ಕೆಟ್ ಕುಗ್ಗುವುದೂ ಕಡಿಮೆ.

ಬೆಳಿಗ್ಗೆ ಚಾಲೂ ಮಾಡಿದಾಗ ಟಿಕ್ ಟಿಕ್ ಸದ್ದು ಬಂದು, ಕಾದಂತೆ ಅಡಗಿದರೆ ಸೋರಿಕೆಯ ಅನುಮಾನ ಪಡಬೇಕು. ಸೋರುವೆಡೆಯಿಂದ ಗಾಳಿ ಒಳನುಗ್ಗಿದರೆ ಆಕ್ಸಿಜನ್ ಸೆನ್ಸರ್ ಮೋಸಹೋಗಿ, ಎಂಜಿನ್‌ಗೆ ಅನಗತ್ಯವಾಗಿ ಹೆಚ್ಚು ಪೆಟ್ರೋಲ್ ಹರಿಯುತ್ತದೆ.

ಕಾನೂನಿನ ಮಾತು

ಹೆಡರ್ ಹಾಕುವ ನೆಪದಲ್ಲಿ ಕೆಟಲಿಟಿಕ್ ಕನ್ವರ್ಟರ್ ಕಿತ್ತುಹಾಕುವುದು ಅಮೆರಿಕದಲ್ಲಿ ಕಾನೂನುಬಾಹಿರ. ನಮ್ಮಲ್ಲಿ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ವಾಹನದ ಮಾರ್ಪಾಡಿಗೆ ಕಟ್ಟುನಿಟ್ಟಿನ ಮಿತಿ ಹಾಕಿದೆ. ಆದ್ದರಿಂದ ಸ್ಪ್ಯಾನರ್ ಎತ್ತುವ ಮುನ್ನ ಆರ್‌ಟಿಒ ಕಚೇರಿಯಲ್ಲೂ ವಿಮಾ ಕಂಪೆನಿಯಲ್ಲೂ ವಿಚಾರಿಸಿಕೊಳ್ಳುವುದು ಜಾಣತನ.