ಮೂರಡಿ ಓಣಿಗೆ ತಕ್ಕ ಬಳ್ಳಿ

ಬೆಂಗಳೂರಿನ 30×40 ನಿವೇಶನದಲ್ಲಿ ಮನೆ ಎದ್ದ ಮೇಲೆ ಪಕ್ಕದ ಗೋಡೆಗೂ ಕಾಂಪೌಂಡಿಗೂ ನಡುವೆ ಉಳಿಯುವುದು ಸಾಮಾನ್ಯವಾಗಿ ಮೂರಡಿ ಆಸುಪಾಸಿನ ಓಣಿ. ನೀರಿನ ಪೈಪು, ಚರಂಡಿಯ ಚೇಂಬರು, ಮೀಟರ್ ಪೆಟ್ಟಿಗೆ ಎಲ್ಲವೂ ಅಲ್ಲೇ. ಗ್ಯಾಸ್ ಸಿಲಿಂಡರ್ ಹಿತ್ತಿಲಿಗೆ ಹೋಗುವುದೂ ಅದೇ ದಾರಿಯಲ್ಲಿ. ಮರಕ್ಕೂ ಪೊದೆಗೂ ಇಲ್ಲಿ ಎಡೆಯಿಲ್ಲ. ಬುಡಕ್ಕೆ ಒಂದಡಿ ಮಣ್ಣು, ಮೇಲೇರಲು ಒಂದು ಆಸರೆ ಸಿಕ್ಕರೆ ಸಾಕೆನ್ನುವುದು ಬಳ್ಳಿ ಮಾತ್ರ. ಆದರೆ ಹೂವಿನ ಚೆಂದಕ್ಕೆ ಮರುಳಾಗಿ ನರ್ಸರಿಯಿಂದ ತಂದ ಬಳ್ಳಿ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಓಡಾಟವನ್ನೇ ತಡೆಯುವುದುಂಟು. ಬಳ್ಳಿ ಮುಂದೆ ಎಷ್ಟು ಕೆಲಸ ಕೊಡುತ್ತದೆ ಎಂಬುದನ್ನು ನಿರ್ಧರಿಸುವುದು ಅದು ಹತ್ತುವ ಬಗೆ, ಓಣಿಗೆ ಬೀಳುವ ಬಿಸಿಲು ಮತ್ತು ಅದು ಆಕ್ರಮಿಸುವ ಅಗಲ. ಹೂವಿನ ಬಣ್ಣದ ಮಾತು ಆಮೇಲೆ.

ಹತ್ತುವ ಬಗೆ

ಬಳ್ಳಿಗಳ ಚಲನೆಯನ್ನು ಕುರಿತು ಚಾರ್ಲ್ಸ್ ಡಾರ್ವಿನ್ ಬರೆದ ದೀರ್ಘ ಪ್ರಬಂಧ 1865ರಲ್ಲಿ ಲಂಡನ್ನಿನ ಲಿನ್ನಿಯನ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಕಾಂಡವೇ ಸುತ್ತಿಕೊಳ್ಳುವವು, ಎಲೆ ಅಥವಾ ತಂತುಗಳಿಂದ ಹಿಡಿಯುವವು, ಕೊಕ್ಕೆಗಳಿಂದ ಆನಿಕೊಳ್ಳುವವು, ಬೇರುಗಳಿಂದ ಅಂಟಿಕೊಳ್ಳುವವು ಎಂಬ ಅವನ ವಿಂಗಡಣೆ ಇಂದಿಗೂ ಉಪಯುಕ್ತ.

ಶಂಖಪುಷ್ಪ, ಬಸಳೆ, ಅಮೃತಬಳ್ಳಿ ಮೊದಲ ಗುಂಪಿನವು. ಮೇಲಿಂದ ಕೆಳಕ್ಕೆ ಬಿಗಿದ ತಂತಿಯೊಂದಿದ್ದರೆ ಯಾರೂ ಕಟ್ಟದೆಯೇ ಅವು ಏರುತ್ತವೆ. ತೊಂಡೆ ಎರಡನೆಯ ಗುಂಪಿನದು. ಅದರ ತಂತುವಿನ ತುದಿ ತಂತಿಗೆ ತಗುಲಿದೊಡನೆ ಬಾಗಿ ಹಿಡಿದುಕೊಳ್ಳುತ್ತದೆ. ಹಿಡಿತ ಬಲವಾದ ಮೇಲೆ ನಡುಭಾಗ ಸುರುಳಿಗಟ್ಟುತ್ತದೆ. ಹತ್ತಿರದಿಂದ ನೋಡಿದರೆ ಸುರುಳಿಯ ಅರ್ಧ ಒಂದು ದಿಕ್ಕಿಗೆ, ಉಳಿದರ್ಧ ಎದುರು ದಿಕ್ಕಿಗೆ ತಿರುಗಿರುತ್ತದೆ. ಎರಡರ ನಡುವೆ ಚಿಕ್ಕದೊಂದು ನೇರ ತುಂಡು. ಎರಡೂ ತುದಿ ಕಟ್ಟಿದ ದಾರವನ್ನು ನಡುವೆ ಹಿಡಿದು ತಿರುಚಿದರೆ ಆಗುವುದೂ ಇದೇ. ಗಾಳಿ ಬೀಸಿದಾಗ ಈ ಸ್ಪ್ರಿಂಗು ಹಿಗ್ಗಿ ಕುಗ್ಗುವುದರಿಂದ ಬಳ್ಳಿ ಹರಿಯುವುದಿಲ್ಲ. ಆದರೆ ಇಂಥ ತಂತು ದಪ್ಪ ಪೈಪನ್ನಾಗಲಿ ಬರಿಗೋಡೆಯನ್ನಾಗಲಿ ಹಿಡಿಯಲಾರದು; ಅದಕ್ಕೆ ಜಾಲರಿಯೇ ಬೇಕು.

ಮನಿ ಪ್ಲಾಂಟ್, ಕಾಳುಮೆಣಸು, ವೀಳ್ಯದೆಲೆ ಗೆಣ್ಣಿನ ಬೇರುಗಳಿಂದ ಅಂಟುತ್ತವೆ. ಜಾಜಿಯಂಥವು ಉದ್ದುದ್ದ ರೆಂಬೆ ಚಾಚಿ ಸಿಕ್ಕಿದ್ದರ ಮೇಲೆ ಒರಗುತ್ತವೆ. ಅವನ್ನು ಮತ್ತೆ ಮತ್ತೆ ಕಟ್ಟುತ್ತಿರಬೇಕಾದ್ದರಿಂದ ಕೆಲಸ ಹೆಚ್ಚು.

ಬಿಸಿಲಿನ ಲೆಕ್ಕ

ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಲ್ಲಿ ಮತ್ತು ಆಗಸ್ಟ್ ನಡುವಿನಲ್ಲಿ ಮಧ್ಯಾಹ್ನದ ಸೂರ್ಯ ಇಲ್ಲಿ ನೆತ್ತಿಯ ಮೇಲಿರುತ್ತಾನೆ. ಡಿಸೆಂಬರಿನಲ್ಲಿ ದಕ್ಷಿಣಕ್ಕೆ ಸಾಕಷ್ಟು ವಾಲಿರುತ್ತಾನೆ. ಹೀಗಾಗಿ ಉತ್ತರ–ದಕ್ಷಿಣವಾಗಿ ಚಾಚಿದ ಓಣಿಗೆ ವರ್ಷವಿಡೀ ಮಧ್ಯಾಹ್ನ ಸ್ವಲ್ಪ ಹೊತ್ತಾದರೂ ಬಿಸಿಲು ಇಳಿಯುತ್ತದೆ. ಪೂರ್ವ–ಪಶ್ಚಿಮದ ಓಣಿಯಲ್ಲಿ ದಕ್ಷಿಣದ ಗೋಡೆ ಎತ್ತರವಿದ್ದರೆ ಚಳಿಗಾಲದಲ್ಲಿ ನೆಲಕ್ಕೆ ಬಿಸಿಲೇ ಮುಟ್ಟದು. ಬೆಳಿಗ್ಗೆ ಒಂಬತ್ತಕ್ಕೆ, ಮಧ್ಯಾಹ್ನ ಹನ್ನೆರಡಕ್ಕೆ, ಮೂರಕ್ಕೆ ಬೇಲಿಯ ಯಾವ ಭಾಗ ಬೆಳಗುತ್ತದೆ ಎಂದು ಗುರುತು ಹಾಕಿಕೊಂಡರೆ ಅರ್ಧ ಆಯ್ಕೆ ಮುಗಿದಂತೆ.

ಬಿಸಿಲಿರುವ ಬೇಲಿಗೆ

ನಾಲ್ಕೈದು ಗಂಟೆ ಬಿಸಿಲು ಸಿಗುವ ಕಡೆ ಶಂಖಪುಷ್ಪ ಸುಲಭದ ಆಯ್ಕೆ. ಕಾಂಡ ತೆಳು, ಭಾರವಿಲ್ಲ, ಎಂಟು–ಹತ್ತು ಅಡಿಗಿಂತ ಹೆಚ್ಚು ಹಬ್ಬುವುದು ಅಪರೂಪ. ದ್ವಿದಳ ಜಾತಿಯದಾದ್ದರಿಂದ ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಒದಗಿಸುತ್ತದೆ. ಗೊಬ್ಬರದ ಬೇಡಿಕೆ ಕಡಿಮೆ. ಬೀಜವನ್ನು ರಾತ್ರಿ ನೆನೆಸಿ ಬಿತ್ತಿದರೆ ಬೇಗ ಮೊಳೆಯುತ್ತದೆ. ಒಣಗಿದ ಕಾಯಿಗಳನ್ನು ಕೀಳದೆ ಬಿಟ್ಟರೆ ಸಸಿಗಳು ತಾವಾಗಿ ಏಳುತ್ತವೆ.

ಅಡುಗೆಗೂ ಆಗಬೇಕೆಂದರೆ ಬಸಳೆ, ತೊಂಡೆ ಇವೆ. ಎರಡೂ ಕಡ್ಡಿ ಚುಚ್ಚಿದರೆ ಬರುತ್ತವೆ. ಬಸಳೆ ಕೊಯ್ದಷ್ಟೂ ಚಿಗುರುತ್ತದೆ. ಅದರ ಕೊಯ್ಲೇ ಸವರಿದಂತಾಗುವುದರಿಂದ ಕತ್ತರಿಯ ಕೆಲಸ ಬೇರೆಯಾಗಿ ಹೆಚ್ಚು ಉಳಿಯುವುದಿಲ್ಲ. ನೀರು ಹಾಕುವುದನ್ನು ಮರೆಯುವ ಮನೆಗೆ ಅಮೃತಬಳ್ಳಿ ಒಗ್ಗುತ್ತದೆ. ಬುಡ ಕತ್ತರಿಸಿದರೂ ಮೇಲಿನ ಕಾಂಡದಿಂದ ದಾರದಂಥ ಬೇರು ಇಳಿಬಿಟ್ಟು ಮಣ್ಣು ಮುಟ್ಟಿ ಬದುಕುವ ಗಟ್ಟಿ ಜಾತಿ ಅದು. ವರ್ಷಕ್ಕೊಮ್ಮೆ ಚೆನ್ನಾಗಿ ಸವರುವುದು ಮಾತ್ರ ತಪ್ಪಬಾರದು.

ನೆಲದಲ್ಲಿ ಮಣ್ಣೇ ಇಲ್ಲದಿದ್ದರೆ ಬೆಂಗಳೂರಿನ ಬಾಲ್ಕನಿಗಳಲ್ಲಿ ಎಲ್ಲೆಲ್ಲೂ ಕಾಣುವ ಕರ್ಟನ್ ಕ್ರೀಪರ್ ಇದೆ. ಮೇಲೆ ಸಜ್ಜಾದ ಅಂಚಿನಲ್ಲಿ ಭದ್ರವಾಗಿ ಕೂರಿಸಿದ ಕುಂಡದಿಂದ ಇದರ ಎಳೆಗಳು ಪರದೆಯಾಗಿ ನೇರ ಕೆಳಗಿಳಿಯುತ್ತವೆ. ಓಣಿಯ ಅಗಲವನ್ನು ಹೆಚ್ಚು ತಿನ್ನುವುದಿಲ್ಲ.

ನೆರಳಿನ ಓಣಿಗೆ

ಮಲೆನಾಡಿನಲ್ಲಿ ಅಡಿಕೆ ಮರಕ್ಕೆ ಹಬ್ಬಿಸುವ ಕಾಳುಮೆಣಸಿಗೂ ಅದರ ದಾಯಾದಿ ವೀಳ್ಯದೆಲೆಗೂ ನೆರಳು, ತೇವ ಎರಡೂ ಹಿತ. ತೊಳೆಯುವ ಕಲ್ಲಿನ ಪಕ್ಕದ ತಂಪಿನಲ್ಲಿ ವೀಳ್ಯದೆಲೆ ಚೆನ್ನಾಗಿ ಬರುತ್ತದೆ. ಆದರೆ ನೀರು ನಿಂತರೆ ಬೇರು ಕೊಳೆಯುತ್ತದೆ. ಸೋಪಿನ ನೀರು ಬುಡಕ್ಕೆ ಹರಿಯಬಾರದು. ಬೇರೇನೂ ಬದುಕದ ಮೂಲೆಗೆ ಮನಿ ಪ್ಲಾಂಟ್ ಸಾಕು. ಮೇಲೇರಿದಷ್ಟೂ ಅದರ ಎಲೆ ದೊಡ್ಡದಾಗುತ್ತದೆ. ಎಲೆಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಹರಳುಗಳಿದ್ದು ಅಗಿದರೆ ಬಾಯಿ ಉರಿಯುವುದರಿಂದ ಮಕ್ಕಳು, ನಾಯಿ, ಬೆಕ್ಕು ಇರುವ ಮನೆಯಲ್ಲಿ ಕೈಗೆಟುಕದ ಎತ್ತರದಲ್ಲಿರುವುದು ಒಳ್ಳೆಯದು.

ಓಣಿಗೆ ಸಲ್ಲದವು

ಬೋಗನ್‌ವಿಲ್ಲಾದ ಮುಳ್ಳು ಮೂರಡಿ ದಾರಿಯಲ್ಲಿ ಬಟ್ಟೆಯನ್ನೂ ಮೈಯನ್ನೂ ಗೀರುತ್ತದೆ. ಬಿಳಿಯಾಗಿ ಅರಳಿ ದಿನ ಕಳೆದಂತೆ ಕೆಂಪೇರುವ ರಂಗೂನ್ ಕ್ರೀಪರಿನ ಹೂಗೊಂಚಲು ಸೊಗಸೇ; ಆದರೆ ಉದುರಿದ ಎಲೆತೊಟ್ಟಿನ ಬುಡ ಮುಳ್ಳಾಗಿ ಉಳಿಯುತ್ತದೆ, ಹಬ್ಬಿನ ಭಾರಕ್ಕೆ ಹಗುರ ಜಾಲರಿ ಬಾಗುತ್ತದೆ. ದಕ್ಷಿಣ ಭಾರತದ್ದೇ ಆದ ಥನ್‌ಬರ್ಜಿಯಾ ಮೈಸೂರೆನ್ಸಿಸ್‌ನ ಹಳದಿ–ಕೆಂಪು ಹೂಮಾಲೆಗಳು ಇಳಿಬೀಳಲು ತಲೆಯ ಮೇಲೆ ಚಪ್ಪರ ಬೇಕು. ಅದು ಅಂಗಳಕ್ಕೆ ಸರಿ. ಗೋಡೆಗೆ ಹಸಿರು ಬಳಿದಂತೆ ಹಬ್ಬುವ ಫೈಕಸ್ ಪ್ಯುಮಿಲಾವನ್ನು ಕಿತ್ತರೆ ಬಣ್ಣವೂ ಕಿತ್ತುಬರುತ್ತದೆ.

ನೆಡುವುದು, ನೋಡಿಕೊಳ್ಳುವುದು

ಮನೆ ಕಟ್ಟುವಾಗ ಉಳಿದ ಸಿಮೆಂಟು, ಇಟ್ಟಿಗೆ ಚೂರು ಓಣಿಯ ನೆಲದಲ್ಲೇ ಹೂತಿರುತ್ತವೆ. ಸಿಮೆಂಟು ಬೆರೆತ ಮಣ್ಣು ಕ್ಷಾರೀಯವಾಗಿ ಬಳ್ಳಿಗೆ ಕಬ್ಬಿಣದ ಅಂಶ ದಕ್ಕದೆ ಹೊಸ ಎಲೆ ಹಳದಿಗಟ್ಟುತ್ತದೆ. ಒಂದೂವರೆ ಅಡಿ ಆಳ ಅಗೆದು, ಆ ಕಸವನ್ನು ತೆಗೆದು, ಕೆಂಪುಮಣ್ಣಿಗೆ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಬೇಕು. ಸಂಪು, ಚೇಂಬರುಗಳಿಂದ ಗುಂಡಿ ದೂರವಿರಲಿ. ಜಾಲರಿ ಅಥವಾ ಜಿ.ಐ. ತಂತಿಯನ್ನು ಗೋಡೆಯಿಂದ ಎರಡು ಅಂಗುಲ ಮುಂದಕ್ಕೆ ಬಿಗಿದರೆ ಬಳ್ಳಿ ಸುತ್ತಲು ಎಡೆ ಸಿಗುತ್ತದೆ, ಗೋಡೆಗೆ ಗಾಳಿಯಾಡುತ್ತದೆ.

ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ನೆಟ್ಟರೆ ಬೇಸಿಗೆಯೊಳಗೆ ಬೇರು ಆಳಕ್ಕಿಳಿಯುತ್ತದೆ. ಬುಡಕ್ಕೆ ಒಣಗಿದ ಎಲೆ ಹೊದಿಸಿದರೆ ನೀರು ಹಾಕುವ ಕೆಲಸ ಇನ್ನೂ ಇಳಿಯುತ್ತದೆ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮಳೆ ನಿಂತ ಮೇಲೆ ಒಮ್ಮೆ ಸವರಿ, ಬಳ್ಳಿಯ ದಪ್ಪ ಬೇಲಿಯಿಂದ ಒಂದಡಿ ದಾಟದಂತೆ ನೋಡಿಕೊಂಡರೆ ನಡೆಯಲು ಎರಡಡಿ ಉಳಿಯುತ್ತದೆ. ಕಾಂಪೌಂಡಿನ ಆಚೆಗೆ ಇಣುಕಿದ ಕುಡಿಗಳನ್ನೂ ಆಗಲೇ ಕತ್ತರಿಸಿದರೆ ಪಕ್ಕದ ಮನೆಯವರ ತಕರಾರಿಗೂ ಕಾರಣವಿರುವುದಿಲ್ಲ.